ಅಜ್ಜ ಬರೆದ ಭೋಗ್ಯಪತ್ರ

ಅಟ್ಟದ ಮೇಲಿರುವ ಹಳೆಯ ಪೆಟ್ಟಿಗೆಯನ್ನು ಒಮ್ಮೆ ಕೆಳಗಿಳಿಸಿ ನೋಡಿರಿ. ಅಜ್ಜನ ಕಾಲದ ಭೋಗ್ಯಪತ್ರವೊಂದು ಅದರಲ್ಲಿ ಸಿಕ್ಕೀತು. "ಮುನ್ನೂರು ರೂಪಾಯಿಗೆ ಎರಡೆಕರೆ ಕೊಟ್ಟರೇ!" ಎಂದು ಅಜ್ಜನನ್ನು ಹಳಿಯುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

1975-76ರಲ್ಲಿ ಸರಕಾರ ಭತ್ತಕ್ಕೆ ಕಟ್ಟಿದ ಬೆಲೆ ಕ್ವಿಂಟಾಲಿಗೆ 74 ರೂಪಾಯಿ. ಅಂದಿನ ಮುನ್ನೂರು ರೂಪಾಯಿ ಎಂದರೆ ನಾಲ್ಕು ಕ್ವಿಂಟಾಲ್ ಭತ್ತ. ಒಂದು ಸಂಸಾರದ ಹಲವು ತಿಂಗಳ ಊಟ. 2024-25ರ ಬೆಂಬಲ ಬೆಲೆ 2300 ರೂಪಾಯಿ. ಈ ದರದಲ್ಲಿ ಅದೇ ಮುನ್ನೂರಕ್ಕೆ ಬರುವುದು 13 ಕಿಲೋ ಭತ್ತ. ಅಜ್ಜ ದಡ್ಡನಾಗಿರಲಿಲ್ಲ, ರೂಪಾಯಿ ಸವೆದಿದೆ.

ರೂಪಾಯಿ ಸವೆದಂತೆ ಸಾಲವೂ ಸವೆಯಬೇಕಲ್ಲವೇ? ಅದು ಬಡ್ಡಿಯನ್ನು ಅವಲಂಬಿಸಿದೆ. ಆ ಮುನ್ನೂರನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಕೈಸಾಲವೆಂದು ಇಟ್ಟುಕೊಳ್ಳಿ. ಸರಳ ಬಡ್ಡಿಯಾದರೆ ಮೂವತ್ತು ವರ್ಷಕ್ಕೆ ಅಸಲು ಬಡ್ಡಿ ಸೇರಿ 2460 ರೂಪಾಯಿ. 2005-06ರಲ್ಲಿ ಭತ್ತದ ಬೆಲೆ 570 ಇತ್ತು. ಅಂದರೆ ಸುಮಾರು ನಾಲ್ಕೂಕಾಲು ಕ್ವಿಂಟಾಲ್. ಕೊಟ್ಟವನಿಗೆ ಕೊಟ್ಟಷ್ಟೇ ಕಾಳು ಹಿಂದೆ ಬಂದಂತಾಯಿತು. ವರ್ಷವರ್ಷವೂ ಬಡ್ಡಿಗೆ ಬಡ್ಡಿ ಹತ್ತಿದರೋ, ಅದೇ ಸಾಲ 1 ಲಕ್ಷ 90 ಸಾವಿರ ದಾಟಿ, ಮುನ್ನೂರಕ್ಕೂ ಮಿಕ್ಕಿ ಕ್ವಿಂಟಾಲ್ ಕೇಳುತ್ತದೆ. ಚಕ್ರಬಡ್ಡಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಈ ಅಂತರ ನೆನಪಿರಲಿ.

ಭೋಗ್ಯದ ದಾರಿ ಬೇರೆ. ಅಲ್ಲಿ ಸಾಮಾನ್ಯವಾಗಿ ಹೊಲದ ಬೆಳೆಯೇ ಬಡ್ಡಿ. ಅಸಲು ಬೆಳೆಯುವುದಿಲ್ಲ, ಮುನ್ನೂರು ಮುನ್ನೂರೇ. ಸಾಲ ಕೊಟ್ಟವರ ಅಜ್ಜ ಅಂದು ನಾಲ್ಕು ಕ್ವಿಂಟಾಲಿನ ಬೆಲೆ ಕೊಟ್ಟದ್ದು ನಿಜ. ಆದರೆ ಅಷ್ಟು ವರ್ಷಗಳ ಫಸಲು ಅವರ ಕಣಜ ಸೇರಿರುವುದೂ ಅಷ್ಟೇ ನಿಜ. "ಮೂವತ್ತು ವರ್ಷ ಕಳೆಯಿತು, ಹೊಲ ಇನ್ನು ನಮ್ಮದೇ" ಎಂದು ಅವರು ಹೇಳಿದರೆ ಎದೆಗುಂದಬೇಡಿ. ಪತ್ರ ಬರೆದ ದಿನದಿಂದ ಮೂವತ್ತು ವರ್ಷ ತುಂಬಿತೆಂಬ ಒಂದೇ ಕಾರಣಕ್ಕೆ ಭೋಗ್ಯದ ಜಮೀನು ಬಿಡಿಸಿಕೊಳ್ಳುವ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿದೆ.

ಆದರೆ ದುಡುಕಬೇಡಿ. ಪತ್ರ ಭೋಗ್ಯದ್ದೋ, ಕ್ರಯದ್ದೋ, ಇಂತಿಷ್ಟು ದಿನದಲ್ಲಿ ಹಣ ಕೊಡದಿದ್ದರೆ ಕ್ರಯವಾದಂತೆ ಎಂಬ ಷರತ್ತಿನದ್ದೋ ಎಂದು ಮೊದಲು ಓದಿಸಿರಿ. ಕ್ರಯಕ್ಕೂ ಷರತ್ತಿನ ಪತ್ರಕ್ಕೂ ಮೇಲಿನ ಮಾತು ಸಲ್ಲದು. ಪತ್ರ ಕಳೆದಿದ್ದರೆ, ನೋಂದಣಿಯಾದದ್ದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಿರಿ. ವಕೀಲರಿಗೆ ಕೊಡಲು ಕೈಯಲ್ಲಿ ಕಾಸಿಲ್ಲವೆಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿರಿ. ಹಿರಿಯರ ಎದುರು ಕೂತು ಮಾತಿನಲ್ಲೇ ಬಗೆಹರಿದರೆ ಇನ್ನೂ ಲೇಸು. ಎದುರು ಮನೆಯವರೂ ಆ ನೆಲಕ್ಕೆ ಬೆವರು ಸುರಿಸಿದವರೇ.

ಹಣ ಸಂದಾಯವಾದ ದಿನವೇ ರಸೀದಿ ಪಡೆಯಿರಿ, ಮೂಲಪತ್ರ ಹಿಂದಕ್ಕೆ ಪಡೆಯಿರಿ, ಭೋಗ್ಯ ತೀರಿತೆಂದು ನೋಂದಣಿ ಮಾಡಿಸಿ ಪಹಣಿಯಲ್ಲೂ ತಿದ್ದಿಸಿರಿ. ಬಾಯಿಮಾತಿನಲ್ಲಿ ತೀರಿದ ಸಾಲ ಮೊಮ್ಮಕ್ಕಳ ಕಾಲಕ್ಕೆ ಮತ್ತೆ ಎದ್ದು ಕೂತೀತು.