ಮಳೆಗಾಲದ ಮದುವೆಯೂ ಕ್ಯಾಮೆರಾದ ಮೇರೆಯೂ

ಘಟ್ಟದ ಸೀಮೆಯಲ್ಲಿ ಮಳೆಗಾಲ ಎಂದೂ ಮದುವೆಯ ಕಾಲವಾಗಿರಲಿಲ್ಲ. ವೈಶಾಖ, ಜ್ಯೇಷ್ಠಗಳ ಲಗ್ನಗಳು ಮುಗಿದು ಚಪ್ಪರ ಬಿಚ್ಚಿದ ಮೇಲೆ ಮನೆಮಂದಿಯೆಲ್ಲ ಸೌದೆ ಒಟ್ಟಿ, ಸೂರು ಸರಿಪಡಿಸಿಕೊಂಡು ಆಷಾಢದಲ್ಲಿ ಗದ್ದೆಗೆ ಇಳಿಯುತ್ತಿದ್ದರು. ತುಳಸಿ ಲಗ್ನ ಮುಗಿಯುವವರೆಗೆ ಶುಭಕಾರ್ಯದ ಮಾತೆತ್ತುತ್ತಿದ್ದವರು ವಿರಳ. ಪಂಚಾಂಗ ಕೊಟ್ಟ ಈ ಬಿಡುವು ಬೇಸಾಯಕ್ಕೂ ಬೇಕಾಗಿತ್ತು, ಕಾಡಿಗೂ ಒದಗಿಬರುತ್ತಿತ್ತು.

ಈಗ ಚಿತ್ರ ಬದಲಾಗಿದೆ. ಮಳೆಯನ್ನೇ ಅರಸಿ ದೂರದ ನಗರಗಳ ದಿಬ್ಬಣಗಳು ದಾಂಡೇಲಿ, ಜೋಯಿಡಾಗಳತ್ತ ಬರತೊಡಗಿವೆ. ಡೆಸ್ಟಿನೇಷನ್ ವೆಡ್ಡಿಂಗ್ ಎಂಬ ಈ ಹೊಸ ಪದ್ಧತಿಯಲ್ಲಿ ಪುರೋಹಿತರಿಗಿಂತ ಛಾಯಾಗ್ರಾಹಕರ ಮಾತಿಗೇ ಹೆಚ್ಚು ಬೆಲೆ. ವಿವಾಹಪೂರ್ವ ಚಿತ್ರೀಕರಣಕ್ಕಂತೂ ಮುಹೂರ್ತವೇ ಬೇಕಿಲ್ಲವಾದುದರಿಂದ ಆಷಾಢವೂ ಅದಕ್ಕೆ ಅಡ್ಡಿಯಲ್ಲ. ಹಸಿರು ಇಳಿಜಾರು, ಮಂಜು, ತುಂಬಿ ಹರಿಯುವ ಹೊಳೆ, ಇವುಗಳ ನಡುವೆ ವಧೂವರರು. ಈ ಚಿತ್ರದ ಮೋಹ ಅರ್ಥವಾಗದ್ದೇನಲ್ಲ. ಸಂಭ್ರಮವನ್ನು ಹಳಿಯುವುದು ಪರಿಸರ ಚಳವಳಿಯ ಕೆಲಸವೂ ಅಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಕ್ಯಾಮೆರಾ ಎಲ್ಲಿ ನಿಲ್ಲಬೇಕು?

ದಾಂಡೇಲಿಯ ಅರಣ್ಯ 1956ರಲ್ಲಿ ಅಭಯಾರಣ್ಯವಾಯಿತು. ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂದಿತು. ಈ ಕಾಡಿಗೆ ಮಳೆಗಾಲವೆಂದರೆ ಹಿನ್ನೆಲೆಯ ಅಲಂಕಾರವಲ್ಲ, ವರ್ಷದ ಅತ್ಯಂತ ದುಡಿಮೆಯ ಕಾಲ. ಹಾರುವ ಕಪ್ಪೆ ನಿಂತ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟುವುದು ಈಗಲೇ; ಗೂಡು ಕರಗಿದಾಗ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಚಿತ್ರಕ್ಕೆ ಅಡ್ಡವಾಯಿತೆಂದು ಮುರಿದ ಒಂದು ಕೊಂಬೆ, ವೇದಿಕೆಗಾಗಿ ಮಣ್ಣು ತುಂಬಿದ ಒಂದು ಹೊಂಡ ಸಾಕು, ಒಂದು ಪೀಳಿಗೆಯೇ ಇಲ್ಲವಾಗಲು. ಕತ್ತಲೆಗೆ ಒಗ್ಗಿದ ಕಣ್ಣುಗಳಿಗೆ ಪ್ರಖರ ದೀಪ ಬಡಿದರೆ ಕ್ಷಣಕಾಲ ದೃಷ್ಟಿ ಮಂಕಾಗುತ್ತದೆ. ಗಂಡು ಕಪ್ಪೆಯ ಕೂಗೇ ಹೆಣ್ಣಿಗೆ ದಾರಿ ತೋರುವ ರಾತ್ರಿಗಳಲ್ಲಿ ಧ್ವನಿವರ್ಧಕದ ಅಬ್ಬರ ಆ ದಾರಿಯನ್ನೇ ಮುಚ್ಚುತ್ತದೆ.

ಹೊಳೆಯ ಮಾತು ಇನ್ನೂ ಗಂಭೀರವಾದುದು. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ಈಗ ಅಣೆಕಟ್ಟುಗಳ ನದಿ. ಗಣೇಶಗುಡಿಯ ಕೆಳಗೆ ಅದರ ಮಟ್ಟವನ್ನು ನಿರ್ಧರಿಸುವುದು ಮಳೆಯೊಂದೇ ಅಲ್ಲ, ವಿದ್ಯುದಾಗಾರದಿಂದ ಬಿಡುವ ನೀರೂ ಹೌದು. ಆಕಾಶ ತಿಳಿಯಾಗಿದ್ದರೂ ಬಂಡೆ ಮುಳುಗಬಲ್ಲದು. ದಾಂಡೇಲಿಯ ಮಗ್ಗುಲಲ್ಲಿಯೇ ಮೊಸಳೆಗಳೂ ಇವೆ. 2020ರ ನವೆಂಬರ್ 9ರಂದು ಮೈಸೂರು ಜಿಲ್ಲೆಯ ತಲಕಾಡಿನ ಸಮೀಪ ಕಾವೇರಿಯಲ್ಲಿ, ಮದುವೆಗೆ ಮುನ್ನ ತೆಪ್ಪವೇರಿ ಚಿತ್ರ ತೆಗೆಸಿಕೊಳ್ಳುತ್ತಿದ್ದ ಜೋಡಿಯೊಂದು ನೀರಿಗೆ ಬಿದ್ದು ಅಸುನೀಗಿತು. ಒಂದು ಭಂಗಿಗಾಗಿ ಎರಡು ಮನೆಗಳ ದೀಪ ಆರಿತು. ಆ ದುರಂತದ ಬಳಿಕವೂ ಹರಿಯುವ ನೀರಿನ ನಡುವಿನ ಬಂಡೆಯನ್ನು ಮಂಟಪವೆಂದು ಭಾವಿಸುವವರು ಕಡಿಮೆಯಾಗಿಲ್ಲ.

ಚಿತ್ರದ ಚೌಕಟ್ಟು ಯಾವುದನ್ನು ಹೊರಗಿಡುತ್ತದೆ ಎಂಬುದನ್ನೂ ಯೋಚಿಸಬೇಕಾಗಿದೆ. ಸೂಪಾ ಜಲಾಶಯದ ವಿಶಾಲ ನೀರು ನೋಟಕ್ಕೆ ರಮ್ಯವಾದುದು ನಿಜ. ಆ ನೀರಿನ ತಳದಲ್ಲಿ ತಾಲೂಕಿಗೇ ಹೆಸರು ಕೊಟ್ಟಿದ್ದ ಸೂಪಾ ಪೇಟೆಯಿದೆ, ಮುಳುಗಿದ ಊರುಗಳ ಅಂಗಳಗಳಿವೆ. ಅಲ್ಲಿಂದ ಎದ್ದವರು ರಾಮನಗರದಂಥ ಕಡೆಗಳಲ್ಲಿ ಬದುಕನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಅವರ ಮದುವೆಯ ಚಪ್ಪರಗಳು ಎದ್ದಿದ್ದ ನೆಲ ಇಂದು ಅನ್ಯರ ಮದುವೆಯ ಚಿತ್ರಪಟ.

ಜನರ ವಿಷಯವೂ ಹೀಗೆಯೇ. ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸಿದ್ದಿಯರು ತಮ್ಮ ಬದುಕಿನೊಳಗಿಂದ ಬೆಳೆಸಿಕೊಂಡ ದಮಾಮಿ ಕುಣಿತ, ವಿಶ್ರಾಂತಿಧಾಮಗಳ ಸಂಜೆಯ ಮನರಂಜನೆಯಾಗಿ ಬಿಡುವ ಅಪಾಯವಿದೆ. ಕಲಾವಿದರಿಗೆ ನ್ಯಾಯವಾದ ಸಂಭಾವನೆ ಸಿಗಲಿ, ಚಿತ್ರ ತೆಗೆಯುವ ಮುನ್ನ ಅನುಮತಿ ಕೇಳಲಿ. ಅದು ಗೌರವದ ಸಂಬಂಧವಾಗುತ್ತದೆ. ಸಸಿ ನೆಡುತ್ತಿರುವ ಕುಣಬಿ ಹೆಂಗಸನ್ನೋ, ಎಮ್ಮೆ ಹೊಡೆದುಕೊಂಡು ಹೋಗುವ ಗೌಳಿಯನ್ನೋ ಕೇಳದೆಯೇ ವಧೂವರರ ಹಿಂದೆ ನಿಲ್ಲಿಸಿದರೆ ಅದು ಗೌರವವಲ್ಲ. 1966ರಿಂದ ಮುಂಡಗೋಡದಲ್ಲಿ ನೆಲೆ ಕಂಡ ಟಿಬೆಟನ್ನರ ಮಠಗಳೂ ಅಧ್ಯಯನ, ಪ್ರಾರ್ಥನೆಗಳ ಸ್ಥಳಗಳೇ ಹೊರತು ಬಣ್ಣದ ಗೋಡೆಗಳಲ್ಲ.

ಹಾಗಾದರೆ ಮಳೆಯ ಮದುವೆಗೆ ಇಲ್ಲಿ ಎಡೆಯೇ ಇಲ್ಲವೇ? ಇದೆ, ಪೇಟೆಯಲ್ಲಿದೆ. ಮಳೆಯ ಚಿತ್ರಕ್ಕೆ ಕಾಡೇ ಆಗಬೇಕೆಂಬುದು ಛಾಯಾಗ್ರಹಣದ ವಿದ್ಯೆಗೆ ಒಪ್ಪುವ ಮಾತೂ ಅಲ್ಲ. ಬೀಳುವ ಹನಿ ಚಿತ್ರದಲ್ಲಿ ಎದ್ದು ಕಾಣಬೇಕಾದರೆ ಬೆಳಕು ಅದರ ಹಿಂಬದಿಯಿಂದ ಅಥವಾ ಪಕ್ಕದಿಂದ ಬರಬೇಕು, ಆಚೆಗೆ ಕಪ್ಪು ಹಿನ್ನೆಲೆ ಇರಬೇಕು. ಬೀದಿಯ ದೀಪ, ಅಂಗಡಿಯ ಬಾಗಿಲ ಬೆಳಕು, ನೆನೆದ ಗೋಡೆ, ಇವಿಷ್ಟೂ ದಾಂಡೇಲಿಯ ಯಾವ ರಸ್ತೆಯಲ್ಲಿಯೂ ಸಂಜೆಗತ್ತಲಲ್ಲಿ ದೊರೆಯುತ್ತವೆ. ಮೋಡ ಕವಿದ ಹಗಲಿನಲ್ಲಿ ನೆರಳಿನ ಕಾಠಿಣ್ಯವಿರುವುದಿಲ್ಲವಾಗಿ ಮುಖಗಳು ಮೃದುವಾಗಿ ಮೂಡುತ್ತವೆ. ತೊಯ್ದ ರಸ್ತೆ ತಾನೇ ಕನ್ನಡಿಯಾಗುತ್ತದೆ. ಸೂರಿನಡಿ ನಿಂತರೆ ಸೀರೆಯೂ ಉಳಿಯುತ್ತದೆ, ಯಂತ್ರವೂ ಉಳಿಯುತ್ತದೆ.

ಪೇಟೆಯ ಚಿತ್ರದಲ್ಲಿ ಇನ್ನೊಂದು ಸಂಪತ್ತಿದೆ. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ದುಡಿಮೆಯನ್ನು ನೆಚ್ಚಿ ನಾನಾ ಭಾಷೆಯ ಜನ ಬಂದು ನೆಲೆಸಿದ ಊರು ದಾಂಡೇಲಿ. ಕನ್ನಡ, ಕೊಂಕಣಿ, ಮರಾಠಿ, ಉರ್ದು ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಮದುವೆ ಇಂಥ ಊರಿನ ಮಂಟಪದಲ್ಲಿ ನಡೆದರೆ ಅಡುಗೆಯವರಿಗೆ, ಹೂವಿನವರಿಗೆ, ವಾದ್ಯದವರಿಗೆ, ಊರಿನದೇ ಸ್ಟುಡಿಯೋದವರಿಗೆ ದುಡಿಮೆ ಸಿಗುತ್ತದೆ. ಕಸಕ್ಕೂ ಒಂದು ವಿಲೇವಾರಿಯ ವ್ಯವಸ್ಥೆ ಇರುತ್ತದೆ. ಕಾಡಂಚಿನಲ್ಲಿ ಹಾರಿಸಿದ ಹೊಳೆಯುವ ಪ್ಲಾಸ್ಟಿಕ್ ಚೂರುಗಳನ್ನು ಹೆಕ್ಕುವವರು ಯಾರು?

ಕಾನೂನು ಮೌನವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆಂದು ಹೋಗುವುದಕ್ಕೂ ಅನುಮತಿ ಪತ್ರ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ. ಆದರೆ ಕಾಗದದ ಮೇಲಿನ ನಿಯಮವು ಮಳೆಯ ರಾತ್ರಿಯಲ್ಲಿ ಕಾಡಿನ ಅಂಚಿಗೆ ನಡೆದುಹೋಗಿ ಕಾವಲು ನಿಲ್ಲಲಾರದು. ಅಲ್ಲಿ ನಿಲ್ಲಬೇಕಾದುದು ಊರಿನ ಒಪ್ಪಂದ. ಗ್ರಾಮ ಪಂಚಾಯಿತಿಗಳು, ವಿಶ್ರಾಂತಿಧಾಮಗಳ ಒಡೆಯರು, ಛಾಯಾಗ್ರಾಹಕರು ಮತ್ತು ಅರಣ್ಯ ಇಲಾಖೆ ಒಟ್ಟಿಗೆ ಕುಳಿತು ಕೆಲವನ್ನಾದರೂ ನಿಶ್ಚಯಿಸಬಹುದು: ತುಂಬಿದ ಹೊಳೆಗೆ ಇಳಿಯಬಾರದು, ಅನುಮತಿಯಿಲ್ಲದೆ ಡ್ರೋನ್ ಹಾರಿಸಬಾರದು, ಬಣ್ಣದ ಹೊಗೆ, ಸಿಡಿಮದ್ದು ಕಾಡಿನಂಚಿನಲ್ಲಿ ಕೂಡದು, ಕತ್ತಲಾದ ಮೇಲೆ ಚಿತ್ರೀಕರಣ ಊರ ಬೀದಿಗಷ್ಟೇ ಸೀಮಿತ.

ಇವುಗಳಿಂದ ಯಾವ ಮದುವೆಯ ಸೊಬಗೂ ಕುಂದುವುದಿಲ್ಲ. ಇಪ್ಪತ್ತು ವರ್ಷಗಳ ನಂತರ ಆ ದಂಪತಿ ಮಕ್ಕಳಿಗೆ ಚಿತ್ರಸಂಪುಟ ತೆರೆದು ತೋರಿಸುವಾಗ, ಚಿತ್ರದಲ್ಲಿರುವ ಮಳೆ ಹೊರಗೂ ಹಾಗೆಯೇ ಸುರಿಯುತ್ತಿರಬೇಕು, ಕೆರೆಯಂಚಿನ ಎಲೆಯ ಮೇಲೆ ನೊರೆಯ ಗೂಡು ಆಗಲೂ ಇರಬೇಕು. ಅದಕ್ಕಾಗಿ ಇಂದು ಕ್ಯಾಮೆರಾ ಕಾಡಿನ ಅಂಚಿಗೆ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದರೆ ಸಾಕು.