ಎಲುಬಿನ ಹಂದರಕ್ಕೂ ಕರುಳಿದೆ, ತೊಂದರೆ ಇರೋದೇ ಅಲ್ಲಿ

ಮೊದಲೇ ಹೇಳಿಬಿಡ್ತೀನಿ, ಈ ಬರಹದಲ್ಲಿ 'ಓವರ್‌ಲಾರ್ಡ್' ಕಥೆಯ ಗುಟ್ಟುಗಳೆಲ್ಲ ರಟ್ಟಾಗುತ್ತವೆ. ಇನ್ನೂ ಓದದವರು, ನೋಡದವರು ಇಲ್ಲಿಗೇ ನಿಲ್ಲಿಸಿ, ಮುಗಿಸಿಕೊಂಡು ಬನ್ನಿ. ಬರಹ ಎಲ್ಲಿಗೂ ಓಡಿಹೋಗಲ್ಲ :)

ಈ ಕಥೆ ಇಷ್ಟಪಡೋ ಮಂದಿ ನಾಲ್ಕು ಜನ ಸೇರಿದರೆ ಒಂದು ವಾದ ಬಂದೇ ಬರುತ್ತೆ. "ಐನ್ಸ್ ಈಗ ಮನುಷ್ಯನೇ ಅಲ್ಲ ಮಾರಾಯ, ಬರೀ ಅಸ್ಥಿಪಂಜರ. ಅವನಿಗೆ ಭಾವನೆಗಳೇ ಇಲ್ಲ. ಅಂಥವನು ಮಾಡಿದ್ದನ್ನ ಸರಿ ತಪ್ಪು ಅಂತ ತೂಗೋದು ಹೇಗೆ?" ಇದು ಮೊದಲನೇದು. ಅದರ ಬೆನ್ನಿಗೇ ಎರಡನೇದು. "ಲೋಕ ಗೆಲ್ಲೋ ಆಸೆನೂ ಅವನಿಗಿಲ್ಲ. ಕೈಕೆಳಗಿನವರು ತಪ್ಪು ತಿಳಿದುಕೊಂಡು ಎಲ್ಲಾ ಮಾಡ್ತಾರೆ, ಇವನು ಪಾಪ ತಲೆ ಆಡಿಸ್ತಾನೆ."

ನನ್ನ ಪ್ರಕಾರ ಈ ಎರಡೂ ವಾದಗಳು ಪೊಳ್ಳು. ಐನ್ಸ್‌ಗೆ ಭಾವನೆಗಳಿವೆ, ಮಹತ್ವಾಕಾಂಕ್ಷೆಯೂ ಇದೆ. ಎರಡೂ ಅಪ್ಪಟ ಮನುಷ್ಯನವೇ. ಅವನು ಭಯ ಹುಟ್ಟಿಸೋದು ಅದಕ್ಕೇ.

ಗೊತ್ತಿಲ್ಲದವರಿಗೆ ಹಿನ್ನೆಲೆ ಚುಟುಕಾಗಿ. ಜಪಾನಿನ ಕುಗಾನೆ ಮರುಯಾಮಾ 2010ರ ಸುಮಾರಿಗೆ ಅಂತರ್ಜಾಲದಲ್ಲಿ ಬರೆಯೋಕೆ ಶುರುಮಾಡಿದ ಕಥೆ ಇದು. 2012ರಿಂದ ಪುಸ್ತಕವಾಗಿ ಬಂತು, 2015ರಲ್ಲಿ ಮ್ಯಾಡ್‌ಹೌಸ್ ಸ್ಟುಡಿಯೋದವರು ಅನಿಮೆ ಮಾಡಿದರು. ಕಥಾನಾಯಕ ಸುಝುಕಿ ಸತೋರು ಒಬ್ಬ ಸಾಧಾರಣ ಸಂಬಳದಾಳು. ಹೆಂಡತಿ ಇಲ್ಲ, ಹೊರಗೆ ಗೆಳೆಯರೂ ಇಲ್ಲ. ಚಿಕ್ಕವನಿದ್ದಾಗಲೇ ತಾಯಿ ದುಡಿದು ದುಡಿದು ಸತ್ತಳು. ಅವನ ಬದುಕಿನಲ್ಲಿ ಬಣ್ಣ ಅಂತ ಇದ್ದಿದ್ದು ಯಗ್‌ಡ್ರಸಿಲ್ ಅನ್ನೋ ಆಟ ಒಂದರಲ್ಲೇ. ಅಲ್ಲಿ ಅವನು ಮೊಮೊಂಗಾ ಅನ್ನೋ ಎಲುಬಿನ ಮಾಂತ್ರಿಕ. 41 ಜನರ ಒಂದು ಬಳಗಕ್ಕೆ ಮುಖಂಡ. ಬಳಗದ ಹೆಸರು 'ಐನ್ಸ್ ಊಲ್ ಗೌನ್', ಅವರ ಮನೆ ನಝಾರಿಕ್ ಅನ್ನೋ ಮಹಾ ಗೋರಿ. ಕಥೆಯ ಲೆಕ್ಕದಲ್ಲಿ 2126ರಲ್ಲಿ ಶುರುವಾದ ಆಟ 2138ರಲ್ಲಿ ಮುಚ್ಚುತ್ತೆ. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟುಹೋಗಿದ್ದಾರೆ. ಕೊನೇ ದಿನ ಹೆರೊಹೆರೊ ಅನ್ನೋ ಗೆಳೆಯ ಬಂದು, ಸುಸ್ತಾಗಿದೆ ಅಂತ ಹೊರಟುಬಿಡ್ತಾನೆ. ಮಧ್ಯರಾತ್ರಿ ಹನ್ನೆರಡಕ್ಕೆ ಸಿಂಹಾಸನದ ಮೇಲೆ ಒಬ್ಬನೇ ಕೂತಿರೋ ಸತೋರು ಕಣ್ಣು ಬಿಟ್ಟರೆ, ಆಟ ಮುಗಿದೇ ಇಲ್ಲ. ಗೋರಿ ಸಮೇತ ಬೇರೊಂದು ಲೋಕದಲ್ಲಿದ್ದಾನೆ. ಮೈಯೇ ಎಲುಬಿನದು, ಆಳುಗಳಿಗೆಲ್ಲ ಜೀವ ಬಂದಿದೆ. ಸತ್ತು ಹುಟ್ಟಿದ್ದಲ್ಲ ನಿಜ, ಆದರೂ ಹಳೇ ಮೈ ಹೋಗಿ ಹೊಸ ಮೈ ಬಂದಿದ್ದು ಮರುಹುಟ್ಟು ತಾನೇ.

ಈಗ ಮೊದಲನೇ ವಾದ. ಭಾವನೆ ಇಲ್ಲ ಅಂತಾರಲ್ಲ, ಅದಕ್ಕೆ ಆಧಾರ ಏನು? ಕಥೆಯಲ್ಲೇ ಇರೋ ಒಂದು ನಿಯಮ. ಐನ್ಸ್‌ಗೆ ಸಿಟ್ಟೋ ಭಯವೋ ಖುಷಿಯೋ ಒಂದು ಮಟ್ಟ ಮೀರಿದ ಕೂಡಲೇ ಯಾರೋ ಸ್ವಿಚ್ ಆರಿಸಿದ ಹಾಗೆ ತಣ್ಣಗಾಗಿಬಿಡುತ್ತೆ. ಅನಿಮೆಯಲ್ಲಿ ಹಸಿರು ಬೆಳಕು ತೋರಿಸ್ತಾರಲ್ಲ, ಅದೇ. ಆದರೆ ನಿಯಮವನ್ನ ಪೂರ್ತಿ ಓದಬೇಕು ಸ್ವಾಮಿ. ಆರಿಹೋಗೋದು ಉಕ್ಕಿಬಂದ ಭಾವನೆ ಮಾತ್ರ. ಸಣ್ಣ ಉರಿಯಲ್ಲಿ ಹೊಗೆಯಾಡೋ ಭಾವನೆಗಳು ಹಾಗೇ ಉಳಿಯುತ್ತವೆ ಅಂತ ಲೇಖಕರೇ ಮೊದಲ ಸಂಪುಟದಿಂದ ತೋರಿಸ್ತಾ ಬಂದಿದ್ದಾರೆ. ಹಾಲು ಉಕ್ಕಿದಾಗ ಒಲೆ ಸಣ್ಣ ಮಾಡಿದರೆ ಹಾಲು ತಣ್ಣಗಾಗುತ್ತಾ? ಒಳಗೊಳಗೇ ಕಾಯ್ತಾನೇ ಇರುತ್ತೆ.

ಇನ್ನೊಂದು ಸರಳ ಲೆಕ್ಕ. ಭಾವನೆಯೇ ಇಲ್ಲದಿದ್ದರೆ ಅದನ್ನ ಅದುಮೋ ಏರ್ಪಾಡು ಯಾಕೆ ಬೇಕಿತ್ತು? ತಾನೇ ಆಟದಲ್ಲಿ ರೂಪಿಸಿದ ಪ್ಯಾಂಡೋರಾಸ್ ಆಕ್ಟರ್ ಎದುರಿಗೆ ಬಂದು ಜರ್ಮನ್ ಮಾತಾಡಿ, ನಾಟಕದ ಭಂಗಿ ಹಾಕಿದಾಗಲೆಲ್ಲ ಐನ್ಸ್ ನಾಚಿಕೆಯಿಂದ ಕುಗ್ಗಿಹೋಗ್ತಾನೆ. ಹರೆಯದಲ್ಲಿ ಬರೆದ ಕವಿತೆಯನ್ನ ಯಾರೋ ಸಭೆಯಲ್ಲಿ ಓದಿದ ಹಾಗೆ! ಕನ್ನಡಿ ಮುಂದೆ ನಿಂತು ರಾಜಗಾಂಭೀರ್ಯ ಅಭ್ಯಾಸ ಮಾಡ್ತಾನೆ. ತಾನು ದಡ್ಡ ಅಂತ ಆಳುಗಳಿಗೆ ಗೊತ್ತಾದರೆ ಅವರೂ ಗೆಳೆಯರ ಹಾಗೆ ಬಿಟ್ಟುಹೋಗ್ತಾರೇನೋ ಅಂತ ಅಳುಕ್ತಾನೆ. ಅಲ್ಬೆಡೊ ತನ್ನನ್ನ ಪ್ರೀತಿಸೋದಕ್ಕೆ ಆಟದ ಕೊನೇ ಗಳಿಗೆಯಲ್ಲಿ ತಾನು ತಮಾಷೆಗೆ ತಿದ್ದಿದ ಒಂದು ಸಾಲೇ ಕಾರಣ ಅನ್ನೋ ಅಪರಾಧಿ ಭಾವ ಅವನನ್ನ ಬಿಡೋದೇ ಇಲ್ಲ. ನಾಚಿಕೆ, ಅಳುಕು, ಪಶ್ಚಾತ್ತಾಪ, ಒಂಟಿತನ.. ಇವು ಭಾವನೆ ಅಲ್ಲದೆ ಮತ್ತೇನು?

ಶಾಲ್ಟಿಯರ್ ಪ್ರಸಂಗ ನೆನಪಿಸಿಕೊಳ್ಳಿ. ಶತ್ರುಗಳ ಮಾಯೆಗೆ ಸಿಕ್ಕಿ ಅವಳು ತಿರುಗಿ ಬಿದ್ದಾಗ ಐನ್ಸ್ ಉಳಿದ ಕಾವಲುಗಾರರನ್ನ ಗುಂಪಾಗಿ ಕಳಿಸಬಹುದಿತ್ತು. ಕಳಿಸಲಿಲ್ಲ. ಗೆಳೆಯರ ಮಕ್ಕಳಂಥವರು ಒಬ್ಬರನ್ನೊಬ್ಬರು ಕೊಲ್ಲೋದನ್ನ ನೋಡಲಾರದೆ, ಸೋಲೋ ಸಾಧ್ಯತೆ ಇದ್ದರೂ ಒಬ್ಬನೇ ಹೋದ. ಗೆದ್ದ ಮೇಲೆ 50 ಕೋಟಿ ಬಂಗಾರದ ನಾಣ್ಯ ಸುರಿದು ಅವಳನ್ನ ಬದುಕಿಸಿಕೊಂಡ. ಲೆಕ್ಕಾಚಾರದ ಯಂತ್ರ ಹೀಗೆ ಮಾಡಲ್ಲ. ಕರುಳಿದ್ದವನು ಮಾಡ್ತಾನೆ.

ಹಾಗಾದರೆ ಕಾರ್ನೆ ಹಳ್ಳಿ? ವಿರೋಧಿಗಳ ಗಟ್ಟಿ ಅಸ್ತ್ರ ಅದೇ, ಹಾಗಾಗಿ ತಪ್ಪಿಸಿಕೊಳ್ಳದೆ ಉತ್ತರ ಕೊಡ್ತೀನಿ. ಮಾಯಾಕನ್ನಡಿಯಲ್ಲಿ ಹಳ್ಳಿಯವರನ್ನ ಕೊಚ್ಚಿಹಾಕೋದನ್ನ ನೋಡ್ತಾನೆ ಐನ್ಸ್. ಮನಸ್ಸು ಮಿಡಿಯೋದಿಲ್ಲ. ತನಗೇ ಆಶ್ಚರ್ಯ ಆಗುತ್ತೆ, ನಾನು ಮನಸ್ಸಿನಲ್ಲೂ ಮನುಷ್ಯನಾಗಿ ಉಳಿದಿಲ್ಲವೇ ಅಂತ. ಬಿಟ್ಟುಬಿಡೋಣ ಅಂತಾನೂ ಅಂದುಕೊಳ್ತಾನೆ. ಆಮೇಲೆ ಪಕ್ಕದಲ್ಲಿ ನಿಂತ ಸೆಬಾಸ್‌ನಲ್ಲಿ ಅವನನ್ನ ರೂಪಿಸಿದ ಹಳೇ ಗೆಳೆಯ ಟಚ್ ಮಿಯ ನೆರಳು ಕಾಣುತ್ತೆ. ಕಷ್ಟದಲ್ಲಿರೋರಿಗೆ ಕೈಕೊಡೋದು ಸಹಜ ಧರ್ಮ ಅಂತಿದ್ದ ಗೆಳೆಯ ಅವನು. ಅಷ್ಟೇ, ಹೊರಟುಬಿಡ್ತಾನೆ. ಎನ್ರಿ ಮತ್ತು ಅವಳ ಪುಟ್ಟ ತಂಗಿ ಉಳೀತಾರೆ.

ತನ್ನ ಶಕ್ತಿಯನ್ನ ಪರೀಕ್ಷೆ ಮಾಡೋ ಉದ್ದೇಶವೂ ಅದರಲ್ಲಿತ್ತು, ಒಪ್ತೀನಿ. ಆದರೆ ಒಂದು ಯೋಚನೆ ಮಾಡಿ. ನಾವು ಮಾಡೋ ಒಳ್ಳೇ ಕೆಲಸಗಳೆಲ್ಲ ಕರುಳು ಕಿತ್ತುಬಂದೇ ಮಾಡ್ತೀವಾ? ಎಷ್ಟೋ ಸಲ ಮನಸ್ಸು ಕಲ್ಲಾಗಿರುತ್ತೆ, ಆದರೂ ಅಜ್ಜಿ ಹೇಳಿದ ಮಾತೋ ಮೇಷ್ಟ್ರು ನಡೆದುಕೊಂಡ ರೀತಿಯೋ ನೆನಪಾಗಿ ಕೈ ಮುಂದೆ ಹೋಗುತ್ತೆ. ಐನ್ಸ್‌ನಲ್ಲಿ ಅಪರಿಚಿತರ ಮೇಲಿನ ಕನಿಕರ ಸತ್ತಿದೆ, ನಿಜ. ಕನಿಕರದ ನೆನಪು ಸತ್ತಿಲ್ಲ, ಅದರಂತೆ ನಡೆಯೋ ಸ್ವಾತಂತ್ರ್ಯವೂ ಸತ್ತಿಲ್ಲ. ಹಾಗಾಗಿ ಕಾರ್ನೆ ಅವನ ಪರವಾದ ಸಾಕ್ಷಿ ಅಲ್ಲ, ಅವನ ವಿರುದ್ಧದ ಸಾಕ್ಷಿ! ಅಲ್ಲಿ ಆಗಿದ್ದು ಬೇರೆ ಕಡೆ ಯಾಕಾಗಲಿಲ್ಲ ಅನ್ನೋ ಪ್ರಶ್ನೆಗೆ ಅವನು ಉತ್ತರ ಕೊಡಲೇಬೇಕು.

ಬೇರೆ ಕಡೆ ಅಂದರೆ? ಕಾಟ್ಸೆ ಬಯಲು. ಒಂಬತ್ತನೇ ಸಂಪುಟ. ಒಂದೇ ಒಂದು ಮಂತ್ರಕ್ಕೆ 70,000 ಸೈನಿಕರು ನಿಂತಲ್ಲೇ ಹೆಣವಾಗ್ತಾರೆ. ಅವರಲ್ಲಿ ಹೆಚ್ಚಿನವರು ಹೊಲ ಬಿಡಿಸಿ ಕರೆತಂದ ರೈತರು. ಆ ಸಾವುಗಳಿಂದ ಐದು ರಾಕ್ಷಸ ಮರಿಗಳು ಹುಟ್ಟುತ್ತವೆ. ಆಗ ಐನ್ಸ್‌ಗೆ ಏನನ್ನಿಸುತ್ತೆ? ಖುಷಿ ಆಗುತ್ತೆ! ಐದು ಮರಿ ಒಟ್ಟಿಗೆ ಬಂದಿದ್ದು ದಾಖಲೆ ಅಂತ. ಇದನ್ನ 'ಭಾವನೆ ಇಲ್ಲದವನು' ಅಂತ ಹೇಗೆ ಕರೀತೀರಿ? ಸಂಭ್ರಮ ಅಲ್ಲಿದೆ, ಎದ್ದು ಕಾಣೋ ಹಾಗಿದೆ. ಇಲ್ಲದಿರೋದು ಎದುರಿಗೆ ಸತ್ತವರು ಕೂಡ ಜನ ಅನ್ನೋ ಎಣಿಕೆ ಮಾತ್ರ.

ನಝಾರಿಕ್‌ಗೆ ನುಗ್ಗಿದ ಕೂಲಿ ಸಾಹಸಿಗಳ ಕಥೆ ಇನ್ನೂ ಘೋರ. ಅವರನ್ನ ಉಪಾಯ ಮಾಡಿ ಕರೆಸಿಕೊಂಡಿದ್ದು ನಝಾರಿಕ್‌ನವರೇ. ಬಲೆ ಹಾಕಿದವರೇ ಅವರು. ಆ ಗುಂಪಿನ ಹೆಕ್ಕೆರಾನ್ ಜೀವ ಉಳಿಸಿಕೊಳ್ಳೋಕೆ, ನಿಮ್ಮ ಗೆಳೆಯರೇ ನಮಗೆ ಒಳಗೆ ಬರೋಕೆ ಅನುಮತಿ ಕೊಟ್ಟರು ಅನ್ನೋ ಅರ್ಥದ ಸುಳ್ಳು ಹೇಳ್ತಾನೆ. ಒಂದು ಗಳಿಗೆ ಐನ್ಸ್‌ನ ಎದೆಯಲ್ಲಿ ಆಸೆ ಚಿಗುರುತ್ತೆ. ಸುಳ್ಳು ಅಂತ ಗೊತ್ತಾದಾಗ ಬರೋ ಸಿಟ್ಟು ಇದೆಯಲ್ಲ, ಇಡೀ ಕಥೆಯಲ್ಲಿ ಅಂಥ ಸಿಟ್ಟು ವಿರಳ. ಆ ಸಿಟ್ಟಿನ ಬೇರು ಪ್ರೀತಿ, ಗೆಳೆಯರ ಹಂಬಲ. ಮನೆಯಲ್ಲಿ ಇಬ್ಬರು ಪುಟ್ಟ ತಂಗಿಯರನ್ನ ಬಿಟ್ಟುಬಂದ ಆರ್ಶೆ ಅನ್ನೋ ಹುಡುಗಿ ಸಾಯೋದು ಆ ಹಂಬಲದ ನೆರಳಲ್ಲೇ. ಅವನ ಪ್ರೀತಿ ನಿಜ, ಆದರೆ ಅದು 41 ಹೆಸರುಗಳಾಚೆ ದಾಟಲ್ಲ.

ನಮಗೇನೂ ಇದು ಹೊಸದಲ್ಲ ಬಿಡಿ. ರನ್ನನ ಗದಾಯುದ್ಧದ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ಕರ್ಣನಿಗಾಗಿ ಅತ್ತಾಗ ನಾವೂ ಕರಗ್ತೀವಿ. ಅವನಿಗೆ ಹೃದಯ ಇಲ್ಲ ಅಂತ ಯಾರೂ ಅನ್ನಲ್ಲ, ಹಾಗಂತ ಅವನದು ಏನೂ ತಪ್ಪಿಲ್ಲ ಅಂತಾನೂ ಅನ್ನಲ್ಲ. ಆ ದುರ್ಯೋಧನ ವೈರಿಯ ಮಗ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗ್ತಾನೆ. ಐನ್ಸ್ ಕೂಡ ಗ್ಯಾಝೆಫ್‌ನ ಧೈರ್ಯಕ್ಕೆ ಮನಸೋತು, ನನ್ನ ಕಡೆ ಬಾ ಅಂತ ಕರೀತಾನೆ. ಅವನು ಒಲ್ಲೆ ಅಂದಾಗ ದ್ವಂದ್ವಯುದ್ಧದಲ್ಲಿ ಕೊಲ್ತಾನೆ. ಮೆಚ್ಚುಗೆ ಇದ್ದಿದ್ದರಿಂದ ಸತ್ತವನಿಗೇನು ಬಂತು?

ಇನ್ನು ಮಹತ್ವಾಕಾಂಕ್ಷೆ. ಹೊಸ ಲೋಕದ ಮೊದಲ ರಾತ್ರಿಯೇ ನಕ್ಷತ್ರ ತುಂಬಿದ ಆಕಾಶ ನೋಡಿ ಮೈಮರೆತ ಐನ್ಸ್, ಲೋಕ ಗೆದ್ದರೂ ಚೆನ್ನಾಗಿರುತ್ತೆ ಅಂತ ಮಾತಿಗೆ ಅಂದಿದ್ದು ಹೌದು. ಡೆಮಿಯರ್ಜ್ ಅದನ್ನೇ ಆಜ್ಞೆ ಅಂತ ತಿಳಿದ, ಐನ್ಸ್‌ಗೆ ಅರಿವಾಗೋ ಹೊತ್ತಿಗೆ ಕೆಲಸ ಬಹಳ ಮುಂದೆ ಹೋಗಿತ್ತು. ನಗು ಬರಿಸೋ ಎಳೆ ಇದು, ನಾನೂ ನಕ್ಕಿದ್ದೀನಿ. ಆದರೆ ನಗುವಿನ ಮರೆಯಲ್ಲಿ ಅವನ ನಿಜವಾದ ಮಹತ್ವಾಕಾಂಕ್ಷೆ ಕಾಣದೇ ಹೋಗಬಾರದು. ಮೊಮೊಂಗಾ ಅನ್ನೋ ಹೆಸರು ಬಿಟ್ಟು ಬಳಗದ ಹೆಸರನ್ನೇ ತಾನು ಇಟ್ಟುಕೊಂಡಿದ್ದು ಯಾಕೆ? ಆ ಹೆಸರು ಲೋಕದ ಮೂಲೆ ಮೂಲೆಗೂ ಮುಟ್ಟಲಿ, ನನ್ನ ಹಾಗೇ ಗೆಳೆಯರಲ್ಲಿ ಯಾರಾದರೂ ಈ ಲೋಕಕ್ಕೆ ಬಂದಿದ್ದರೆ ಕೇಳಿ ಹುಡುಕಿಕೊಂಡು ಬರಲಿ ಅಂತ. ಇದನ್ನ ಯಾರೂ ಅವನ ಮೇಲೆ ಹೇರಲಿಲ್ಲ. ಅವನೇ ಆರಿಸಿಕೊಂಡಿದ್ದು.

ಎಷ್ಟು ಮುಗ್ಧ ಆಸೆ ಅಲ್ವಾ? ಜಾತ್ರೆಯಲ್ಲಿ ಕಳೆದುಹೋದ ಮಗು ಅಪ್ಪನ ಹೆಸರು ಕೂಗಿದ ಹಾಗೆ. ಆದರೆ ಆ ಕೂಗು ಕೇಳಿಸಲಿ ಅಂತ ರಾಜ್ಯಗಳೇ ಮಣ್ಣಾಗ್ತವೆ. 2020ರಲ್ಲಿ ಬಂದ ಹದಿನಾಲ್ಕನೇ ಸಂಪುಟದಲ್ಲಿ, ಒಬ್ಬ ತಲೆತಿರುಕ ಶ್ರೀಮಂತ ಧಾನ್ಯದ ಗಾಡಿಗಳನ್ನ ದೋಚಿದ ಅನ್ನೋ ನೆವಕ್ಕೆ ರೀ ಎಸ್ಟೀಸ್ ರಾಜ್ಯವನ್ನ ಊರೂರೇ ಅಳಿಸಿಹಾಕ್ತಾರೆ. ಆ ಆಜ್ಞೆ ಕೊಟ್ಟವನು ಐನ್ಸ್. ಆಗಲೂ 'ಡೆಮಿಯರ್ಜ್ ತಪ್ಪು ತಿಳಿದ' ಅಂತೀರಾ?

ಮಂತ್ರದ ಸುರುಳಿಗಳಿಗೆ ಚರ್ಮ ಬೇಕು ಅಂದಾಗ ಡೆಮಿಯರ್ಜ್ ಎಲ್ಲಿಂದಲೋ ತರ್ತಾನೆ. ಅದು ಯಾರ ಚರ್ಮ ಅಂತ ಓದುಗರಿಗೆ ಗೊತ್ತು. ಐನ್ಸ್ ಮಾತ್ರ ಕೆದಕಿ ಕೇಳೋದೇ ಇಲ್ಲ. 'ಸಾಹೇಬರಿಗೆ ಗೊತ್ತಿರಲಿಲ್ಲ' ಅನ್ನೋ ಮಾತನ್ನ ನಾವು ಎಷ್ಟು ಸಲ ಕೇಳಿಲ್ಲ ಹೇಳಿ? ಗೊತ್ತುಮಾಡಿಕೊಳ್ಳದೇ ಇರೋದೂ ಒಂದು ಆಯ್ಕೆಯೇ. ತನ್ನ ಮರ್ಯಾದೆ ಉಳಿಸಿಕೊಳ್ಳೋಕೆ, ಆಳುಗಳ ಕಣ್ಣಲ್ಲಿ ಸಣ್ಣವನಾಗದೇ ಇರೋಕೆ, ಗೊತ್ತಿರೋನ ಹಾಗೆ ತಲೆ ಆಡಿಸೋದಂತೂ ಅಪ್ಪಟ ಕಚೇರಿ ಮನುಷ್ಯನ ಗುಣ. ಅದರಲ್ಲಿ ಅಸ್ಥಿಪಂಜರದ್ದು ಏನೂ ಇಲ್ಲ.

ಯಾವುದೋ ಜಪಾನಿ ಕಥೆಗೆ ಇಷ್ಟು ಯಾಕೆ ಕೂಗಾಡ್ತೀಯ ಅಂತ ನೀವು ಕೇಳಬಹುದು. ಯಾಕಂದರೆ 'ಅವನು ಮನುಷ್ಯನಲ್ಲ' ಅಂದುಬಿಟ್ಟರೆ ನಮಗೆ ಬಹಳ ಅನುಕೂಲ. ಕ್ರೌರ್ಯ ಅನ್ನೋದು ಹೃದಯ ಇಲ್ಲದವರ ಕೆಲಸ, ನಮಗೆ ಹೃದಯ ಇದೆ, ಹಾಗಾಗಿ ನಾವು ಸುರಕ್ಷಿತ ಅಂತ ನೆಮ್ಮದಿಯಾಗಿ ಮಲಗಬಹುದು. ಈ ಕಥೆ ಆ ನೆಮ್ಮದಿಗೇ ಕಲ್ಲು ಹಾಕುತ್ತೆ. ಮನೆಯವರನ್ನ ಪ್ರಾಣದ ಹಾಗೆ ನೋಡಿಕೊಳ್ಳೋನು, ಕೊಟ್ಟ ಮಾತಿಗೆ ತಪ್ಪದವನು, ಋಣ ಮರೆಯದವನು ಕೂಡ 70,000 ಜನರನ್ನ ಕೊಂದು ದಾಖಲೆ ಎಣಿಸಬಲ್ಲ. ಋಣ ಅಂದೆ ನೋಡಿ, ಅದಕ್ಕೂ ಸಾಕ್ಷಿ ಇದೆ. ಸತ್ತ ನಿನ್ಯಾಳ ದಿನಚರಿಯಿಂದ ಈ ಲೋಕದ ವಿಷಯ ತಿಳಿದುಕೊಂಡ ಋಣಕ್ಕೆ ಅವಳ ಅಕ್ಕ ಟ್ಸುವಾರೆಗೆ ತನ್ನ ಹೆಸರಿನ ರಕ್ಷಣೆ ಕೊಡ್ತಾನೆ ಐನ್ಸ್. ಎಷ್ಟು ದೊಡ್ಡ ಗುಣ! ಅದೇ ಕೈ, ಅದೇ ಹೆಸರು.

'ನಮ್ಮವರಿಗೋಸ್ಕರ ಮಾಡಿದೆ' ಅನ್ನೋದು ಕೇಳೋಕೆ ಚೆಂದ. ನಮ್ಮವರು ಅನ್ನೋ ಗೆರೆ ಎಲ್ಲಿಗೆ ನಿಲ್ಲುತ್ತೆ, ಗೆರೆಯಾಚೆ ಇರೋರು ನಮ್ಮ ಕಣ್ಣಿಗೆ ಏನಾಗಿ ಕಾಣ್ತಾರೆ, ಕೇಳಿಕೊಳ್ಳಬೇಕಾದ್ದು ಅದನ್ನ. ಪ್ರೀತಿ ಇದೆ ಅನ್ನೋದು ಯಾರಿಗೂ ರಿಯಾಯಿತಿ ಕೊಡಿಸೋ ಪತ್ರ ಅಲ್ಲ.

ಹಾಗಾಗಿ ಐನ್ಸ್‌ನನ್ನ ಇಷ್ಟಪಡಿ, ನಾನೂ ಇಷ್ಟಪಡ್ತೀನಿ. ಅವನ ಒಂಟಿತನಕ್ಕೆ ಮರುಗಿ, ಅವನ ಪೇಚಾಟಕ್ಕೆ ನಗಿ. ಆದರೆ 'ಪಾಪ, ಅವನಿಗೆ ಭಾವನೆ ಇಲ್ಲ' ಅಂತ ವಕಾಲತ್ತು ಮಾತ್ರ ಹಾಕಬೇಡಿ. ಸುಝುಕಿ ಸತೋರು ಸತ್ತಿಲ್ಲ, ಆ ಪಕ್ಕೆಲುಬುಗಳ ಒಳಗೇ ಕೂತಿದ್ದಾನೆ. ಆಜ್ಞೆ ಕೊಡ್ತಿರೋನು ಅವನೇ.

ಏನಂತೀರಿ?