ಟೊಂಕದೆಲುಬು ಮುರಿದಾಗ: ಯಾವ ಶಸ್ತ್ರಚಿಕಿತ್ಸೆ, ಎಷ್ಟು ಬೇಗ?

ವಯೋವೃದ್ಧರು ಬಚ್ಚಲಲ್ಲಿ ಜಾರಿ ಅಥವಾ ಹೊಸ್ತಿಲು ಎಡವಿ ಬಿದ್ದಾಗ ಮುರಿಯುವ ಎಲುಬುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ತೊಡೆಯೆಲುಬಿನ ಮೇಲ್ತುದಿ. ಜನ ಇದನ್ನೇ ‘ಟೊಂಕ ಮುರಿಯಿತು’ ಎನ್ನುತ್ತಾರೆ. ಬಿದ್ದವರಿಗೆ ಏಳಲಾಗದು, ಸಾಮಾನ್ಯವಾಗಿ ಪೆಟ್ಟಾದ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿರುತ್ತದೆ. ಆಗ ಮನೆಯವರಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಈ ವಯಸ್ಸಿನಲ್ಲಿ ಆಪರೇಶನ್ ಬೇಕೆ? ಬೇಕಾದರೆ ಯಾವುದು ಉತ್ತಮ? ಎಣ್ಣೆ, ಕಟ್ಟು, ಪಥ್ಯಗಳಿಂದ ವಾಸಿಯಾದೀತೆಂಬ ಆಸೆಯಿಂದ ಆಯುರ್ವೇದ ವೈದ್ಯರಾದ ನಮ್ಮ ಬಳಿಗೂ ಅನೇಕರು ಬರುತ್ತಾರೆ. ಈ ಒಂದು ಭಗ್ನದಲ್ಲಿ ಕಾಲಹರಣ ಸಲ್ಲದೆಂಬುದು ನಮ್ಮ ಖಚಿತ ಅಭಿಪ್ರಾಯ.

ಹೀಗೆನ್ನುವುದರಿಂದ ನಾವು ನಮ್ಮ ಶಾಸ್ತ್ರಕ್ಕೆ ಬೆನ್ನು ಮಾಡಿದಂತಾಗುವುದಿಲ್ಲ. ಸುಶ್ರುತ ಸಂಹಿತೆಯು ಸಂಧಿಮುಕ್ತವನ್ನು 6 ಬಗೆಯಾಗಿ, ಕಾಂಡಭಗ್ನವನ್ನು 12 ಬಗೆಯಾಗಿ ವಿಂಗಡಿಸಿದೆ. ತೊಡೆ ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಗೂಟಗಳ ಆಧಾರದಿಂದ ಅಂಗ ಅಲುಗದಂತೆ ಇಡುವ ಕಪಾಟಶಯನವನ್ನು ವಿಧಿಸಿದೆ. ಎಳೆಯ ವಯಸ್ಸಿನಲ್ಲಿ 1 ತಿಂಗಳಿಗೆ ಕೂಡುವ ಭಗ್ನವು ನಡುವಯಸ್ಸಿನಲ್ಲಿ 2 ತಿಂಗಳು, ಮುಪ್ಪಿನಲ್ಲಿ 3 ತಿಂಗಳು ಬೇಡುತ್ತದೆಂದೂ ಹೇಳಿದೆ. ಕಟಿಪ್ರದೇಶದ ಕೆಲವು ಭಗ್ನಗಳನ್ನು ಚಿಕಿತ್ಸಕನು ಕೈಬಿಡಬೇಕೆಂದು ಎಚ್ಚರಿಸುವ ಪ್ರಾಮಾಣಿಕತೆಯೂ ಅಲ್ಲಿದೆ. ಆ ಕಾಲಕ್ಕೆ ಅದು ಶ್ರೇಷ್ಠ ಉಪಾಯವೇ ಸರಿ. ಆದರೆ ಎಂಬತ್ತರ ಅಜ್ಜಿಯನ್ನು 3 ತಿಂಗಳು ಅಲುಗಾಡದಂತೆ ಮಲಗಿಸಿದರೆ ಎಲುಬು ಕೂಡುವ ಮುನ್ನವೇ ಬೆನ್ನಿನಲ್ಲಿ ಹಾಸಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಮೂತ್ರದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇವುಗಳಲ್ಲೊಂದು ಪ್ರಾಣಕ್ಕೆ ಎರವಾಗಬಹುದು. ಶಸ್ತ್ರಚಿಕಿತ್ಸೆಯ ಮುಖ್ಯ ಪ್ರಯೋಜನವೆಂದರೆ ರೋಗಿಯನ್ನು ಹಾಸಿಗೆಯಿಂದ ಬೇಗ ಎಬ್ಬಿಸುವುದು.

ಇನ್ನು ಯಾವ ವಿಧಾನವೆಂಬ ಪ್ರಶ್ನೆ. ಅದನ್ನು ಮೊದಲು ನಿರ್ಧರಿಸುವುದು ಎಲುಬು ಮುರಿದ ಜಾಗ. ತೊಡೆಯೆಲುಬಿನ ಗುಂಡುತಲೆಗೆ ರಕ್ತ ಒದಗಿಸುವ ಸೂಕ್ಷ್ಮ ನಾಳಗಳು ಬಹುಪಾಲು ಅದರ ಕತ್ತಿನ ಗುಂಟ ಸಾಗುತ್ತವೆ. ಕತ್ತು ಮುರಿದು ತುಂಡು ಸರಿದಾಗ ಈ ನಾಳಗಳು ಹರಿಯುತ್ತವೆ. ತಲೆ ರಕ್ತವಿಲ್ಲದೆ ಸಾಯಬಹುದು. ಕತ್ತಿನ ಕೆಳಗೆ, ಸ್ನಾಯುಗಳು ಅಂಟಿಕೊಂಡ ಉಬ್ಬುಗಳ ನಡುವೆ ಮುರಿದರೆ ರಕ್ತಪೂರೈಕೆ ಚೆನ್ನಾಗಿದ್ದು ಎಲುಬು ಕೂಡುತ್ತದೆ. ಆದ್ದರಿಂದ ಕೆಳಗಿನ ಭಗ್ನಕ್ಕೆ ಸ್ಕ್ರೂ ಸಹಿತ ಪ್ಲೇಟನ್ನೋ, ಎಲುಬಿನ ಪೊಳ್ಳಿನೊಳಗೆ ರಾಡನ್ನೋ ಹಾಕಿ ಬಿಗಿಯುತ್ತಾರೆ. ಕತ್ತು ಮುರಿದರೂ ತುಂಡು ಸರಿದಿರದಿದ್ದರೆ ಸ್ಕ್ರೂ ಸಾಕಾಗಬಹುದು. ಹಿರಿಯರಲ್ಲಿ ತುಂಡು ಸರಿದಿದ್ದರೆ ಆ ತಲೆಯನ್ನೇ ತೆಗೆದು ಕೃತಕ ಕೀಲು ಕೂಡಿಸುವುದು ಮೇಲು; ಅಲ್ಲಿ ಬರೀ ಸ್ಕ್ರೂ ಹಾಕಿದರೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಹೆಚ್ಚು.

ಕೃತಕ ಕೀಲಿನಲ್ಲಿಯೂ ಎರಡು ಬಗೆ. ತಲೆಯನ್ನು ಮಾತ್ರ ಬದಲಿಸುವುದು ಅರ್ಧ ಕೀಲು. ಅದು ಕೂಡುವ ಬಟ್ಟಲನ್ನೂ ಬದಲಿಸುವುದು ಪೂರ್ಣ ಕೀಲು. ‘ಪೂರ್ಣವೇ ಹಾಕಿಸಿ, ಖರ್ಚಿಗೆ ಹಿಂಜರಿಯಬೇಡಿ’ ಎಂಬ ಒತ್ತಾಯವನ್ನು ನಾವು ಕೇಳುತ್ತಿರುತ್ತೇವೆ. 2019ರಲ್ಲಿ ಪ್ರಕಟವಾದ ‘ಹೆಲ್ತ್’ ಎಂಬ ಅಧ್ಯಯನವು 10 ದೇಶಗಳಲ್ಲಿ ಕತ್ತು ಮುರಿದ 50 ವರ್ಷ ದಾಟಿದ 1,495 ಜನರಲ್ಲಿ ಇವೆರಡನ್ನೂ ಹೋಲಿಸಿತು. ಎರಡು ವರ್ಷದೊಳಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ಪೂರ್ಣ ಕೀಲಿನಲ್ಲಿ ಶೇ. 7.9, ಅರ್ಧ ಕೀಲಿನಲ್ಲಿ ಶೇ. 8.3. ಇದು ಗಣನೀಯ ಅಂತರವಲ್ಲ. ಕೀಲು ಜಾರುವ ತೊಂದರೆ ಪೂರ್ಣದಲ್ಲಿ ಶೇ. 4.7, ಅರ್ಧದಲ್ಲಿ ಶೇ. 2.4. ಹೊಲಕ್ಕೆ, ಸಂತೆಗೆ ಓಡಾಡಿಕೊಂಡಿದ್ದವರಿಗೆ ಅಥವಾ ಆ ಕೀಲಿನಲ್ಲಿ ಮೊದಲೇ ಸಂಧಿವಾತವಿದ್ದವರಿಗೆ ಪೂರ್ಣ ಕೀಲು ತಕ್ಕುದಾಗಬಹುದು. ಮನೆಯೊಳಗಷ್ಟೇ ಕೋಲೂರಿ ನಡೆಯುವವರಿಗೆ ಅರ್ಧವೇ ಸಾಕು. ಸಾಲ ಮಾಡಿ ದುಬಾರಿಯದನ್ನು ಹಾಕಿಸಲಿಲ್ಲವೆಂದು ಮಕ್ಕಳು ಕೊರಗಬೇಕಾಗಿಲ್ಲ.

ಅರ್ಧ ಕೀಲನ್ನು ಎಲುಬಿನ ಸಿಮೆಂಟಿನಿಂದ ಕೂಡಿಸಬೇಕೋ, ಬೇಡವೋ ಎಂಬುದನ್ನೂ ಪರೀಕ್ಷಿಸಿದ್ದಾರೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 60 ದಾಟಿದ 1,225 ಜನರಿದ್ದರು. ಸಿಮೆಂಟ್ ಬಳಸಿದವರ ಜೀವನದ ಗುಣಮಟ್ಟ ತುಸು ಮೇಲಾಗಿತ್ತು. ಕೃತಕ ಕೀಲಿನ ಸುತ್ತ ಎಲುಬು ಮತ್ತೆ ಮುರಿದುದು ಸಿಮೆಂಟ್ ಇದ್ದವರಲ್ಲಿ ಶೇ. 0.5, ಇಲ್ಲದವರಲ್ಲಿ ಶೇ. 2.1. ಹಳೆಯ ಪದ್ಧತಿಯೆಂದು ಸಿಮೆಂಟನ್ನು ಅಲ್ಲಗಳೆಯುವುದು ಸರಿಯಲ್ಲ.

ವಿಧಾನಗಳ ನಡುವಿನ ಈ ಅಂತರಗಳು ಚಿಕ್ಕವು. ಆಪರೇಶನ್ ಬೇಕೋ ಬೇಡವೋ ಎಂದು ವಾರಗಟ್ಟಲೆ ಚರ್ಚಿಸುತ್ತ ಹಿರಿಯರನ್ನು ಮಲಗಿಸಿಡುವುದರಿಂದಾಗುವ ಹಾನಿ ದೊಡ್ಡದು. ಆಸ್ಪತ್ರೆ ಸೇರಿದ ದಿನವೋ ಮರುದಿನವೋ ಶಸ್ತ್ರಚಿಕಿತ್ಸೆ ಆಗಬೇಕೆಂಬುದು ಬ್ರಿಟನ್ನಿನ ಮಾರ್ಗಸೂಚಿ. ಹಾಗೆಂದು ಗಂಟೆ ಎಣಿಸಿ ಕಂಗೆಡಬೇಕಾಗಿಲ್ಲ. 2020ರಲ್ಲಿ ಪ್ರಕಟವಾದ, 17 ದೇಶಗಳ 2,970 ರೋಗಿಗಳ ಅಧ್ಯಯನದಲ್ಲಿ ರೋಗನಿರ್ಣಯದ ಬಳಿಕ ಸುಮಾರು 6 ಗಂಟೆಗೆ ಶಸ್ತ್ರಚಿಕಿತ್ಸೆಯಾದವರಿಗೂ 24 ಗಂಟೆಗೆ ಆದವರಿಗೂ ಮರಣ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ; ಬೇಗ ಆದವರಲ್ಲಿ ಬುದ್ಧಿಭ್ರಮಣೆ ಕಡಿಮೆಯಿತ್ತು, ಅವರು ಬೇಗ ಎದ್ದು ನಿಂತರು. ರಕ್ತದೊತ್ತಡ, ಸಕ್ಕರೆಗಳನ್ನು ಹತೋಟಿಗೆ ತರಲು ವೈದ್ಯರು ಒಂದು ದಿನ ಕೇಳಿದರೆ ಕೊಡಿ. ಅಮಾವಾಸ್ಯೆ ಕಳೆಯಲೆಂದೋ, ದೂರದ ಊರಿನ ಕಟ್ಟು ನೋಡೋಣವೆಂದೋ ದಿನ ದೂಡಬೇಡಿ.

ಹಾಗಾದರೆ ಆಯುರ್ವೇದಕ್ಕೆ ಇಲ್ಲಿ ಕೆಲಸವಿಲ್ಲವೆ? ಖಂಡಿತ ಇದೆ, ಆದರೆ ಅದರ ಸರದಿಯಲ್ಲಿ. ಶಸ್ತ್ರಚಿಕಿತ್ಸೆಯ ಬಳಿಕ ಹಸಿವನ್ನು ಕಾಯುವ ಲಘು ಆಹಾರ, ಹಾಲು, ಬೇಳೆ, ರಾಗಿ, ನಿದ್ರೆ, ಮಲಬದ್ಧತೆಯ ನಿವಾರಣೆ ಇವೆಲ್ಲ ನಮ್ಮ ಕ್ಷೇತ್ರ. ಮಂಗರವಳ್ಳಿ, ಲಾಕ್ಷಾದಿ ಯೋಗಗಳನ್ನು ಶಸ್ತ್ರವೈದ್ಯರಿಗೆ ತಿಳಿಸದೆ ಕೊಡಕೂಡದು. ರಕ್ತ ಹೆಪ್ಪುಗಟ್ಟದಂತೆ ಅವರು ಬೇರೆ ಔಷಧ ಕೊಡುತ್ತಿರುತ್ತಾರೆ. ಹೊಸ ಗಾಯದ ಮೇಲೆ ಎಣ್ಣೆ ಹಚ್ಚಿ ತಿಕ್ಕುವುದಂತೂ ಸರ್ವಥಾ ನಿಷಿದ್ಧ. ಬೀಳದಂತೆ ತಡೆಯುವುದೂ ಚಿಕಿತ್ಸೆಯೇ: ಬಚ್ಚಲಲ್ಲಿ ಹಿಡಿಕೆ, ರಾತ್ರಿ ದೀಪ, ಕಣ್ಣಿನ ತಪಾಸಣೆ, ನಿತ್ಯ ಬಿಸಿಲು, ಎಲುಬಿನ ಸವಕಳಿಗೆ ತಕ್ಕ ಔಷಧ.

ಆಸ್ಪತ್ರೆಯಲ್ಲಿ ಕೀಲಿನ ಕಂಪನಿಯ ಹೆಸರು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಎಲುಬು ಎಲ್ಲಿ ಮುರಿದಿದೆ? ಶಸ್ತ್ರಚಿಕಿತ್ಸೆ ಯಾವಾಗ? ಯಾವ ದಿನ ಎಬ್ಬಿಸಿ ನಿಲ್ಲಿಸುತ್ತೀರಿ? ಮೂರನೆಯದಕ್ಕೆ ‘ಮರುದಿನವೇ’ ಎಂಬ ಉತ್ತರ ಬಂದರೆ ನಿಮ್ಮ ಹಿರಿಯರು ಸರಿಯಾದ ಕೈಗಳಲ್ಲಿದ್ದಾರೆಂದು ಬಹುಮಟ್ಟಿಗೆ ನಂಬಬಹುದು.